ಮೋವಾಬಿನಲ್ಲಿ ತುಂಬಿದ ಉಡಿ

ಬೈಲಹೊಂಗಲ

ಪವಿತ್ರ ನಾಡಿಗೆ ಹೋಗಿ ಬಂದವರು ಊರಿನಲ್ಲಿ ಯೊರ್ದನ್ ಹೊಳೆಯ ನೀರನ್ನು ಸಣ್ಣ ಸಣ್ಣ ಬಾಟಲಿಗಳಲ್ಲಿ ಹಂಚುತ್ತಾರೆ. ನಾನೂ ತಂದಿದ್ದೆ. ಆದರೆ ಬಾಟಲಿಯ ಮುಚ್ಚಳ ಸಡಿಲಾಗಿ ಅರ್ಧ ನೀರು ಚೀಲದಲ್ಲೇ ಸೋರಿ, ನನ್ನ ಎರಡು ಸೀರೆಗಳಿಗೆ ಭರ್ಜರಿ ದೀಕ್ಷಾಸ್ನಾನವಾಯಿತು. ನೀರು ಸಿಗದವರು ಮನಸ್ಸು ಮುರಿದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕಿತ್ತೂರಿನಲ್ಲಿ, ಬಾಳಿದ್ದು ಬೈಲಹೊಂಗಲದಲ್ಲಿ. ಮೂವತ್ತು ವರ್ಷಕ್ಕೂ ಮೇಲೆ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು. ಸಂಬಳ ನಿಂತರೂ ಎದುರಿಗಿದ್ದವರನ್ನು ತಿದ್ದುವ ಚಟ ನಿಂತಿಲ್ಲ. ಭಾನುವಾರ ಗುಡಿಯಲ್ಲಿ, ಅಂದರೆ ನಮ್ಮ ಪ್ರಾರ್ಥನಾ ಮಂದಿರದಲ್ಲಿ, ಮಕ್ಕಳಿಗೆ ಸತ್ಯವೇದದ, ಎಂದರೆ ಬೈಬಲಿನ, ಕಥೆ ಹೇಳುವುದೂ ನನ್ನ ಕೆಲಸವೇ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬನೇ ಮಗ ಪ್ರಕಾಶ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಅವನು ಮದುವೆಯಾಗಿ ತಂದವಳು ಸುವರ್ಣಾ, ರಾಮದುರ್ಗದ ನೇಕಾರರ ಮನೆಯ ಹುಡುಗಿ. ಅವರ ಜನ ಬೇರೆ, ದೇವರು ಬೇರೆ. ಆಗ ಎರಡೂ ಮನೆಯಲ್ಲಿ ಏನೇನು ನಡೆಯಿತೆಂದು ಬರೆದರೆ ಅದೇ ಒಂದು ಪುಸ್ತಕವಾದೀತು.

ಮದುವೆಯಾಗಿ ಐದು ವರ್ಷಕ್ಕೆ ಪ್ರಕಾಶ ಕಾಮಾಲೆಯಾಗಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಮಣ್ಣಾದ ಮೂರನೆಯ ದಿನ ರಾಮದುರ್ಗದಿಂದ ಸುವರ್ಣಾಳ ತಂದೆ ಜೀಪು ಮಾಡಿಕೊಂಡು ಬಂದರು. ಐದು ವರ್ಷ ಹೊಸ್ತಿಲು ತುಳಿಯದಿದ್ದ ಮನುಷ್ಯ. “ಆದದ್ದಾತು, ನಡಿ ಮನಿಗೆ” ಎಂದರು. ಸುವರ್ಣಾ ನನ್ನ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದವಳು ಏಳಲಿಲ್ಲ. “ನಾ ಬರೂದಿಲ್ಲಪ್ಪಾ. ಅತ್ತಿ ಎಲ್ಲಿ ಇರತಾರೋ ಅಲ್ಲೇ ನಾ ಇರತೇನಿ” ಎಂದಳು. ಜೀಪು ಖಾಲಿಯಾಗಿ ಹೋಯಿತು. ಆ ಮೇಲೆ ಅವರು ಈ ಕಡೆ ಮುಖ ಹಾಕಲಿಲ್ಲ.

ಆ ಒಂದು ಮಾತಿನ ಮೇಲೆ ನಾಲ್ಕು ವರ್ಷ ಬದುಕಿದೆ. ಬೆಳಿಗ್ಗೆ ಅವಳು ಚಹಾ ತಂದಿಟ್ಟಾಗ, ಅವಳ ಹೊಲಿಗೆ ಮಷೀನಿನ ಸದ್ದು ಕೇಳಿದಾಗ, ಆ ಮಾತು ಇನ್ನೂ ಇದೆಯಲ್ಲ ಎಂದು ಒಳಗೊಳಗೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಈ ಪ್ರವಾಸಕ್ಕೆ ನಾಲ್ಕು ತಿಂಗಳ ಮುಂಚೆ ನನ್ನ ಹೆಸರಿಗೆ ಒಂದು ಕಾಗದ ಬಂತು. ಬರೆದವರು ಸವದತ್ತಿ ತಾಲೂಕಿನ ಹೂಲಿಯಲ್ಲಿ ಗಣಿತ ಕಲಿಸುವ ಮಾಸ್ತರರು. ನಮ್ಮ ಕ್ರೈಸ್ತ ಸಭೆಯವರೇ, ಹೆಂಡತಿಯನ್ನು ಕಳೆದುಕೊಂಡವರು. ಸುವರ್ಣಾಳನ್ನು ಸಭೆಯ ಕೂಟಗಳಲ್ಲಿ ಕಂಡು ಬಲ್ಲರಂತೆ. ಆಕೆಯನ್ನು ಮದುವೆಯಾಗಲು ಇಷ್ಟವಿದೆ, ಆದರೆ ಮೊದಲು ಹಿರಿಯರಾದ ನಿಮ್ಮನ್ನು ಕೇಳುವುದು ಧರ್ಮ, ನೀವು ಒಪ್ಪಿದರೆ ಮಾತ್ರ ಅವರಿಗೆ ತಿಳಿಸಿರಿ ಎಂದು ಬರೆದಿದ್ದರು. ಅವರಲ್ಲಿ ಏನಾದರೂ ಕೆಟ್ಟದ್ದು ಸಿಕ್ಕೀತೇ ಎಂದು ಸವದತ್ತಿಯ ಪರಿಚಯದವರಲ್ಲೆಲ್ಲ ವಿಚಾರಿಸಿದೆ. ಸಿಗಲಿಲ್ಲ. ಕಾಗದವನ್ನೇ ಮತ್ತೆ ಮತ್ತೆ ಓದಿ, ಒಂದು ಕಡೆ ಮಹಾಪ್ರಾಣ ಬಿಟ್ಟಿದ್ದನ್ನು ಹಿಡಿದೆ. ಅಷ್ಟಕ್ಕೇ ಸಮಾಧಾನಪಟ್ಟು ಅದನ್ನು ನನ್ನ ಸತ್ಯವೇದದ ಹೊದಿಕೆಯೊಳಗೆ ತುರುಕಿಟ್ಟೆ. ಸುವರ್ಣಾಳಿಗೆ ಹೇಳಲಿಲ್ಲ. ಅವಳು ಕೊಟ್ಟ ಮಾತು ಒಡಂಬಡಿಕೆ ಇದ್ದ ಹಾಗೆ, ಅದನ್ನು ಕಾಯುವುದು ನನ್ನ ಕರ್ತವ್ಯ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಹೀಗೆ ಧಾರವಾಡ, ಬೆಳಗಾವಿ ಕಡೆಯ ಇಪ್ಪತ್ತು ಮಂದಿಯ ಗುಂಪಿನಲ್ಲಿ ಅತ್ತೆ ಸೊಸೆ ಇಬ್ಬರೂ ಹೊರಟೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಈಸ್ಟರ್ ಕಳೆದು ಎರಡು ವಾರವಾಗಿತ್ತು. ಆ ಕಾಗದವೂ ನಮ್ಮ ಜೊತೆ ವಿಮಾನ ಹತ್ತಿತು.

ಅಮ್ಮಾನ್

ಮುಂಬಯಿಯಿಂದ ಹಾರಿ ಜೋರ್ಡಾನ್ ದೇಶದ ಅಮ್ಮಾನ್ ನಗರದಲ್ಲಿ ಇಳಿದೆವು. ನಮ್ಮ ಮೊದಲ ಪರೀಕ್ಷೆ ವಿಮಾನ ನಿಲ್ದಾಣದಲ್ಲೇ ನಡೆಯಿತು. ನನ್ನ ಚೀಲದಲ್ಲಿ ನಲವತ್ತು ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದವು. ದಪ್ಪ ಮೀಸೆಯ ಅಧಿಕಾರಿ ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದ, ಬೆರಳಿನಿಂದ ತಟ್ಟಿದ, ಮೇಜಿಗೆ ಬಡಿದ. ಅದು ಎರಡು ತುಂಡಾಯಿತು. ನಾನು ಬಾಯಿ ಸನ್ನೆ ಮಾಡಿ ತಿನ್ನುವುದು ಎಂದು ತೋರಿಸಿದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು ಕಟುಮ್ ಎನ್ನಿಸಿದ. ಪಕ್ಕದವನನ್ನು ಕರೆದು ಇನ್ನೊಂದು ತುಂಡು ಕೊಟ್ಟ. ಇಬ್ಬರೂ ನಕ್ಕು ಚೀಲಕ್ಕೆ ಸೀಮೆಸುಣ್ಣದ ಗುರುತು ಹಾಕಿದರು.

ಸುವರ್ಣಾಳ ನೋಟವೇ ಬೇರೆ. ನಾವೆಲ್ಲ ಕಟ್ಟಡ, ಬೆಟ್ಟ ನೋಡಿದರೆ ಅವಳು ಬಟ್ಟೆ ನೋಡುತ್ತಾಳೆ. ವಿಮಾನದ ಸೀಟಿನ ಹೊದಿಕೆ, ಹೋಟೆಲಿನ ಪರದೆ, ಎಲ್ಲವನ್ನೂ ಎರಡು ಬೆರಳಲ್ಲಿ ಹಿಡಿದು ತಿಕ್ಕಿ, “ಅತ್ತಿ, ಇದರಾಗ ಅರ್ಧ ಪಾಲಿಸ್ಟರ್ ಐತ್ರಿ” ಎಂದು ನನ್ನ ಕಿವಿಯಲ್ಲಿ ತೀರ್ಪು ಕೊಡುತ್ತಿದ್ದಳು. ಮಗ್ಗದ ಮನೆಯಲ್ಲಿ ಹುಟ್ಟಿದವರ ಬೆರಳಿಗೂ ಕಣ್ಣಿರುತ್ತದೆ.

ಎರಡನೆಯ ಪರೀಕ್ಷೆ ಕಾಫಿಯದು. ಹೋಟೆಲಿನ ಪಡಸಾಲೆಯಲ್ಲಿ ಹಿತ್ತಾಳೆಯ ಉದ್ದ ಕೊಕ್ಕಿನ ಪಾತ್ರೆ ಹಿಡಿದ ಒಬ್ಬ ಮನುಷ್ಯ ಹಿಡಿಕೆಯಿಲ್ಲದ ಪುಟ್ಟ ಬಟ್ಟಲಲ್ಲಿ ಒಂದು ಗುಟುಕು ಕಾಫಿ ಕೊಟ್ಟ. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಕಹಿ ಮತ್ತು ಯಾಲಕ್ಕಿ. ಕುಡಿದು ಬಟ್ಟಲು ಚಾಚಿದರೆ ಮತ್ತೆ ತುಂಬಿಸಿದ. ಕೊಟ್ಟದ್ದನ್ನು ಒಲ್ಲೆ ಎನ್ನಬಾರದೆಂದು ಮತ್ತೆ ಕುಡಿದೆ. ಅವನು ಮತ್ತೆ ತುಂಬಿಸಿದ. ಏಳು ಬಟ್ಟಲಾದ ಮೇಲೆ ನನ್ನ ಎದೆ ಹಿಟ್ಟಿನ ಗಿರಣಿಯಂತೆ ಬಡಿದುಕೊಳ್ಳತೊಡಗಿತು. ನಮ್ಮ ಮಾರ್ಗದರ್ಶಿ ಇಲ್ಯಾಸ್ ಓಡಿ ಬಂದ. ಮಾದಬಾ ಊರಿನ ಕ್ರೈಸ್ತ ಯುವಕ, ಇಂಗ್ಲಿಷ್ ಚೆನ್ನಾಗಿ ಬಲ್ಲವನು. ಸಾಕೆನ್ನಿಸಿದಾಗ ಬಟ್ಟಲನ್ನು ಹೀಗೆ ಅಲುಗಾಡಿಸಬೇಕು, ಇಲ್ಲದಿದ್ದರೆ ಅವನು ನಾಳೆಯವರೆಗೂ ಸುರಿಯುತ್ತಾನೆ ಎಂದು ತೋರಿಸಿಕೊಟ್ಟ. ಇನ್ನು ಈ ದೇಶ ಬಿಡುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ. ಆ ಶಪಥವೇ ಮುಂದೆ ನನ್ನನ್ನು ಸಿಕ್ಕಿಸಿ ಹಾಕಿತು.

ನೆಬೋ ಬೆಟ್ಟ

ಮರುದಿನ ಬೆಳಿಗ್ಗೆ ನೆಬೋ ಬೆಟ್ಟ ಹತ್ತಿದೆವು. ನಲವತ್ತು ವರ್ಷ ಜನರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಬಂದ ಮೋಶೆಗೆ ದೇವರು ವಾಗ್ದಾನದ ನಾಡನ್ನು ಇಲ್ಲಿಂದಲೇ ತೋರಿಸಿದ್ದು. ತೋರಿಸಿದ, ಒಳಗೆ ಬಿಡಲಿಲ್ಲ.

ಸವದತ್ತಿಯ ಗುಡ್ಡದ ಮೇಲೆ ನಿಂತು ಮಲಪ್ರಭೆಯ ನೀರು ದೂರದವರೆಗೆ ಹರಡಿಕೊಂಡಿದ್ದನ್ನು ನೋಡಿದವಳು ನಾನು. ಎತ್ತರ, ವಿಸ್ತಾರ ನನಗೆ ಹೊಸತಲ್ಲ ಎಂದುಕೊಂಡೇ ಬೇಲಿಯ ಹತ್ತಿರ ಹೋದೆ. ಕಾಲ ಕೆಳಗೆ ನೆಲ ಕುಸಿಯುತ್ತ, ಕುಸಿಯುತ್ತ, ಪಾತಾಳಕ್ಕೇ ಇಳಿದಂತೆ ಹೋಗಿತ್ತು. ಅದರ ತಳದಲ್ಲಿ ಲವಣಸಮುದ್ರ, ಅಂದರೆ ಮೃತಸಮುದ್ರ, ಒಂದು ಹಾಳೆ ತಗಡಿನಂತೆ ಹೊಳೆಯುತ್ತಿತ್ತು. ಅದರಾಚೆ ಮಂಜಿನ ಒಳಗೆ ಯೆಹೂದದ ಬೆಟ್ಟಗಳು. ಮೂವತ್ತು ವರ್ಷ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ನಾಡು ನಿಜವಾಗಿಯೂ ಇದೆಯಲ್ಲ, ಗಾಳಿ ಅದರ ಮೇಲಿಂದಲೇ ಬಂದು ನನ್ನ ಮುಖಕ್ಕೆ ತಾಗುತ್ತಿದೆಯಲ್ಲ ಎಂದು ಮೈ ಜುಮ್ಮೆಂದಿತು. ಚಪ್ಪಲಿ ಕಳಚಿ ನಿಂತೆ. ಯಾರೂ ಹೇಳಿರಲಿಲ್ಲ, ಕಾಲಿಗೇ ಹಾಗೆ ಅನ್ನಿಸಿತು. ಸುವರ್ಣಾಳೂ ಕಳಚಿದಳು.

ನಮ್ಮ ಜೊತೆ ಧಾರವಾಡದ ಪಾದ್ರಿಗಳಿದ್ದರು. ತೆಳ್ಳಗಿನ ಮನುಷ್ಯ, ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಯಾಗಬಹುದಾಗಿದ್ದವರು. ಅವರು ಅಲ್ಲಿ ಒಡಂಬಡಿಕೆಯ ಬಗ್ಗೆ ಮಾತಾಡಿದರು.

“ನಮ್ಮ ಕಡೆ ಹೊಲಾ ಲಾವಣಿಗೆ, ಗೇಣಿಗೆ ಕೊಡೂ ಮುಂದ ಕರಾರು ಬರಿಸತೀವಿ. ನೀ ತಪ್ಪಿದರ ನಾನೂ ತಪ್ಪತೇನಿ, ಅದು ಕರಾರು. ನೀ ತಪ್ಪಿದರೂ ನಾ ತಪ್ಪೂದಿಲ್ಲ, ಅದು ಒಡಂಬಡಿಕಿ. ಅಬ್ರಹಾಮನ ಕಾಲದಾಗ ಇಬ್ಬರು ಒಡಂಬಡಿಕಿ ಮಾಡಿಕೊಂಡರ ಪ್ರಾಣೀನ ಎರಡು ಹೋಳು ಮಾಡಿ ಇಟ್ಟು, ನಡುವ ಇಬ್ಬರೂ ನಡೀತಿದ್ರು. ಮಾತು ತಪ್ಪಿದರ ನನಗೂ ಹಿಂಗ ಆಗಲಿ ಅಂತ. ಆದರ ದೇವರು ಏನು ಮಾಡಿದಾ? ಅಬ್ರಹಾಮಗ ಗಾಢ ನಿದ್ದಿ ಬರಿಸಿದಾ. ತಾನೊಬ್ಬನ ಬೆಂಕಿಯಾಗಿ ಆ ಹೋಳಿನ ನಡುವ ಹಾದು ಹೋದಾ. ಎರಡೂ ಕಡೆ ಭಾರ ತಾನ ಹೊತ್ತಾ. ಶಿಲುಬಿ ಮ್ಯಾಲೂ ಅದನ್ನ ಮಾಡಿದಾ.”

ನಾನು ಮನಸ್ಸಿನಲ್ಲೇ ಸೊಸೆಯ ಕಡೆ ಬೆರಳು ತೋರಿಸಿ, ಕೇಳಿಸಿಕೋ, ಮಾತು ಕೊಟ್ಟ ಮೇಲೆ ಕೊನೆಯವರೆಗೂ ನಡೆಸಬೇಕು ಎನ್ನುತ್ತಿದ್ದೆ. ಅಷ್ಟರಲ್ಲಿ ಪಾದ್ರಿಗಳು ಮುಂದುವರಿಸಿದರು.

“ನಾವು ಕ್ರೈಸ್ತರು ಇವತ್ತ ಏನ್ ಮಾಡಾಕತ್ತೀವಿ ನೋಡ್ರಿ. ಇನ್ನೊಬ್ಬರು ಮಾತು ಉಳಿಸಿಕೊಂಡರೋ ಇಲ್ಲೋ ಅಂತ ಕಾಯಕೋತ ಕುಂತೇವಿ. ಒಡಂಬಡಿಕಿ ಅಂದ್ರ ಇನ್ನೊಬ್ಬರನ್ನ ಕಟ್ಟಿ ಹಾಕೂದಲ್ರಿ. ತನ್ನನ್ನ ತಾ ಕಟ್ಟಿಕೊಳ್ಳೂದು.”

ನನ್ನ ಬೆರಳು ಮಡಚಿಕೊಂಡಿತು. ಸತ್ಯವೇದದ ಹೊದಿಕೆಯೊಳಗಿನ ಕಾಗದ ಅಂಗೈಗೆ ಒತ್ತುತ್ತಿತ್ತು. ಪಾದ್ರಿಗಳಿಗೆ ಯಾರಾದರೂ ಹೇಳಿರಬಹುದೇ ಎಂದು ಅವರ ಮುಖವನ್ನೇ ನೋಡಿದೆ. ಪಾಪ, ಅವರಿಗೇನೂ ಗೊತ್ತಿರಲಿಲ್ಲ.

ಮಾದಬಾ ಹತ್ತಿರದ ಒಂದು ಮನೆ

ಬೆಟ್ಟ ಇಳಿದು ಮಾದಬಾದ ಬಯಲಿಗೆ ಬಂದಾಗ ಬಸ್ಸು ಬುಸ್ಸೆಂದು ಹೊಗೆ ಬಿಟ್ಟು ನಿಂತಿತು. ರೇಡಿಯೇಟರ್ ಕೆಟ್ಟಿತ್ತು. ಡ್ರೈವರ್ ಎರಡು ಕೈ ಆಕಾಶಕ್ಕೆತ್ತಿ ಏನೋ ಅಂದ. ಅದಕ್ಕೆ ಅನುವಾದ ಬೇಕಾಗಲಿಲ್ಲ, ನಮ್ಮ ಊರಿನ ಡ್ರೈವರನೂ ಹಾಗೆಯೇ ಅನ್ನುತ್ತಾನೆ. ಇಲ್ಯಾಸ್ ಮಾತ್ರ ಖುಷಿಯಾದ. ಅರ್ಧ ಮೈಲಿಯಲ್ಲಿ ಅವನ ದೊಡ್ಡಪ್ಪನ ಮನೆಯಿತ್ತು.

ನಡೆಯುತ್ತ ಹೋದೆವು. ಎರಡೂ ಕಡೆ ಜವೆಗೋಧಿಯ ಹೊಲ. ಸುಗ್ಗಿಯ ಕಾಲ. ಕೆಲವು ಕಡೆ ಕೊಯ್ಲಾಗಿ ಸಿವುಡು ಕಟ್ಟಿಟ್ಟಿದ್ದರು, ಕೆಲವು ಕಡೆ ತೆನೆ ಇನ್ನೂ ಬಿಸಿಲಿಗೆ ಬಾಗಿ ನಿಂತಿತ್ತು. ಇದು ಹಳೆಯ ಮೋವಾಬ್ ದೇಶ ಎಂದು ಇಲ್ಯಾಸ್ ಹೇಳಿದ. ಮೋವಾಬ್ ಎಂದ ಕೂಡಲೇ ನನಗೆ ಒಂದು ಕಥೆ ನೆನಪಾಯಿತು. ಸತ್ಯವೇದದಲ್ಲಿ ಗಂಡನನ್ನು ಕಳೆದುಕೊಂಡ ಮೋವಾಬಿನ ಸೊಸೆಯೊಬ್ಬಳ ಕಥೆಯಿದೆ. ಗಂಡನೂ ಮಕ್ಕಳೂ ಇಲ್ಲದ ಅತ್ತೆ ತನ್ನೂರು ಬೆತ್ಲೆಹೇಮಿಗೆ ಹೊರಟಾಗ ಈ ಸೊಸೆ ತವರನ್ನೂ ತವರಿನ ದೇವರನ್ನೂ ಬಿಟ್ಟು, ನೀನು ಹೋದಲ್ಲಿ ನಾನೂ ಬರುವೆ ಎಂದು ಜೊತೆ ನಡೆಯುತ್ತಾಳೆ. ಭಾನುವಾರದ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಮುಂದೆ ನಡೆಯುತ್ತಿದ್ದ ಸುವರ್ಣಾ ಒಂದು ತೆನೆ ಹಿಡಿದು ನೋಡುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಆ ಮನೆಯವರು ಇಪ್ಪತ್ತು ಮಂದಿ ಅಪರಿಚಿತರನ್ನು ಕಂಡು ಗಾಬರಿಯಾಗಲಿಲ್ಲ. ತಮ್ಮವರೇ ದಾರಿ ತಪ್ಪಿ ತಡವಾಗಿ ಬಂದರೇನೋ ಎಂಬಂತೆ ಒಳಗೆ ಕರೆದರು. ನಮ್ಮಲ್ಲಿ ನಾಲ್ಕು ಮಂದಿ ಹೆಚ್ಚು ಬಂದರೆ ಒಲೆಯ ಕಡೆ ಓಡುತ್ತೇವೆ, ಇವರು ಮೊದಲು ಬಂದವರ ಮುಖ ನೋಡಿ ನಗುತ್ತಾರೆ. ದೊಡ್ಡ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ದಿಂಬು. ಬಿಸಿ ರೊಟ್ಟಿ, ಎಣ್ಣೆ, ಉಪ್ಪು ಬಂದವು. ಇಲ್ಯಾಸನ ದೊಡ್ಡಮ್ಮ ಕಪ್ಪು ನಿಲುವಂಗಿಯ ಎದೆ ತುಂಬ ಕೆಂಪು ದಾರದ ಕಸೂತಿ ಹಾಕಿಕೊಂಡಿದ್ದರು. ನಮ್ಮ ಸುವರ್ಣಾ ಸುಮ್ಮನಿದ್ದಾಳೆಯೇ? ಹತ್ತಿರ ಹೋಗಿ ಎಳೆ ಎಣಿಸಿ, ತನ್ನ ಇಳಕಲ್ ಸೀರೆಯ ಸೆರಗಿನ ಕಸೂತಿ ತೋರಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಇಬ್ಬರೂ ಹೊಲಿಗೆಯ ಒಳಮುಖ ತಿರುವಿ ತಿರುವಿ ಅರ್ಧ ಗಂಟೆ ಮಾತಾಡಿದರು.

ಆಗ ಬಂತು ಆ ಹಿತ್ತಾಳೆಯ ಪಾತ್ರೆ. ಗುಂಪಿನಲ್ಲಿ ಹಿರಿಯಳೆಂದು ಮನೆಯ ಯಜಮಾನ ತಾವೇ ಮೊದಲ ಬಟ್ಟಲನ್ನು ನನಗೆ ಕೊಟ್ಟರು. ನಾನು ಕಲಿತ ಪಾಠ ಮರೆಯುವವಳಲ್ಲ. ಕುಡಿದರೆ ತಾನೇ ಮತ್ತೆ ತುಂಬುವುದು? ತುಂಬಿದ ಬಟ್ಟಲನ್ನು ನಗುನಗುತ್ತ ಮುಂದಿನ ಮಣೆಯ ಮೇಲೆ ಇಟ್ಟು ಕೈ ಮುಗಿದೆ.

ಯಜಮಾನರು ಪಾತ್ರೆಯನ್ನು ಕೆಳಗಿಟ್ಟು, ಮೊಣಕಾಲ ಮೇಲೆ ಕೈಯೂರಿ ನನ್ನ ಎದುರು ಕುಳಿತರು. ಗಂಭೀರವಾಗಿ ಏನೋ ಕೇಳಿದರು. ಇಲ್ಯಾಸ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದ.

“ಅಮ್ಮಾ, ನಿಮ್ಮ ಬೇಡಿಕೆ ಏನೆಂದು ಕೇಳುತ್ತಿದ್ದಾರೆ. ನಮ್ಮಲ್ಲಿ ಹಿರಿಯರು ರಾಜಿ ಮಾಡಿಸಲು ಬಂದರೆ, ಇಲ್ಲವೇ ಹೆಣ್ಣು ಕೇಳಲು ಬಂದರೆ, ಕಾಫಿ ಕುಡಿಯದೆ ಇಡುತ್ತಾರೆ. ಬೇಡಿದ್ದನ್ನು ಕೊಡುತ್ತೇನೆ ಎಂದು ಮನೆಯವರು ಹೇಳಿದ ಮೇಲೆಯೇ ಕುಡಿಯುವುದು. ನೀವು ಬಟ್ಟಲು ಇಟ್ಟಿರಿ. ಈಗ ಇವರು ಕಟ್ಟುಬಿದ್ದಿದ್ದಾರೆ. ಏನು ಕೇಳಿದರೂ ಕೊಡುತ್ತೇನೆ, ಹೇಳಿ ಎನ್ನುತ್ತಿದ್ದಾರೆ.”

ತಪ್ಪಾಯಿತು ಎಂದು ಹೇಳಬಹುದಿತ್ತು. ಆದರೆ ಆ ಮುದುಕರ ಕಣ್ಣು ನೋಡಿದೆ. ನಾನು ಯಾರು, ಯಾವ ಊರು, ಯಾವ ಜಾತಿ, ಏನೂ ಗೊತ್ತಿಲ್ಲ. ಕುಡಿಯದ ಒಂದು ಗುಟುಕು ಕಾಫಿಗಾಗಿ ಏನು ಕೇಳಿದರೂ ಕೊಡಲು ತಯಾರಾಗಿ ಕುಳಿತಿದ್ದರು. ನೆಬೋ ಬೆಟ್ಟದ ಮೇಲೆ ಕೇಳಿದ್ದು ಇಲ್ಲಿ ಕಣ್ಣೆದುರಿಗೆ ಕುಳಿತಿತ್ತು. ಇಷ್ಟು ದೊಡ್ಡ ಮನಸ್ಸಿನೆದುರು ಹುಡುಗಾಟ ಸಲ್ಲದೆಂದು ಅನ್ನಿಸಿ, ಸುತ್ತ ನೋಡಿದೆ. ಅಂಗಳದಲ್ಲಿ ತೂರಿಟ್ಟ ಜವೆಗೋಧಿಯ ರಾಶಿ ಕಂಡಿತು.

“ಒಂದು ಬೊಗಸೆ ಜವೆಗೋಧಿ” ಎಂದೆ.

ಯಜಮಾನರು ಗಟ್ಟಿಯಾಗಿ ನಕ್ಕು, ಕೊಟ್ಟೆ, ಇನ್ನು ಕುಡಿಯಿರಿ ಎಂದು ಕೈ ಮಾಡಿದರು. ಶಪಥ ಮುರಿದು ಕುಡಿದೆ. ದೊಡ್ಡಮ್ಮ ಒಂದು ಮೊರದ ತುಂಬ ಜವೆಗೋಧಿ ತಂದರು. ತಂದವರು ನನ್ನ ಕಡೆ ಬರಲಿಲ್ಲ. ತಮ್ಮ ಕಸೂತಿಯ ಗೆಳತಿಯ ಮುಂದೆ ನಿಂತು, ಸೆರಗು ಒಡ್ಡು ಎಂದು ಸನ್ನೆ ಮಾಡಿದರು.

ಸುವರ್ಣಾ ಬೆಂಕಿ ತಾಗಿದವಳಂತೆ ಹಿಂದೆ ಸರಿದಳು. ಕೈ ಹಿಂದೆ ಕಟ್ಟಿಕೊಂಡು, ಗಂಡನ ಜೊತೆ ಬಂದಿದ್ದ ಬೆಳಗಾವಿಯ ಹೆಣ್ಣುಮಗಳ ಕಡೆ ತೋರಿಸಿ, “ನನಗ ಬ್ಯಾಡ್ರಿ, ಅವರಿಗೆ ಕೊಡ್ರಿ” ಎಂದಳು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಣ್ಣುಮಗಳು ಮನೆಯಿಂದ ಹೊರಡುವಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಸೆರಗಿಗೆ ಹಾಕಿ ಉಡಿ ತುಂಬುತ್ತೇವೆ. ಕ್ರೈಸ್ತರಾದ ಮೇಲೆ ನಮ್ಮ ಮನೆಗಳಲ್ಲಿ ಕುಂಕುಮ ಬಿಟ್ಟೆವು, ಉಡಿ ಬಿಡಲಿಲ್ಲ. ಗಂಡ ಸತ್ತವಳಿಗೆ ಉಡಿ ತುಂಬಬಾರದು ಎಂಬುದನ್ನೂ ಬಿಡಲಿಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವಳೇ ಹಿಂದೆ ಸರಿದು ನಿಲ್ಲುತ್ತಾಳೆ. ನಾಲ್ಕು ವರ್ಷದಿಂದ ಸುವರ್ಣಾ ನನ್ನ ಕಣ್ಣೆದುರೇ ಎಷ್ಟು ಮನೆಗಳಲ್ಲಿ ಹೀಗೆ ಬಾಗಿಲ ಹಿಂದೆ ಸರಿದಿದ್ದಳು. ಅವಳನ್ನು ನಾನು ಜಾಣೆ ಎಂದುಕೊಂಡಿದ್ದೆ.

ದೊಡ್ಡಮ್ಮನ ಮುಖ ಬಾಡಿತು. ಕೊಟ್ಟದ್ದನ್ನು ತಿರಸ್ಕರಿಸಿದಳೆಂದು ತಿಳಿದರು. ಯಾಕೆಂದು ಇಲ್ಯಾಸ್ ಕೇಳಿದ. ಬೆಳಿಗ್ಗೆ ಬೆಟ್ಟದ ಮೇಲೆ ಕಣ್ಣೀರು ತಂದುಕೊಂಡು ಹಾಡಿದ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಉತ್ತರಿಸಲಿಲ್ಲ. ಪಾದ್ರಿಗಳು ನೆಲ ನೋಡಿದರು. ಕೊನೆಗೆ ನಾನೇ, ಅವಳ ಗಂಡ ಇಲ್ಲ, ಅದಕ್ಕೆ ಎಂದೆ. ಇಲ್ಯಾಸ್ ಅದನ್ನು ಹೇಳಿದ. ದೊಡ್ಡಮ್ಮ ನನ್ನನ್ನೂ ಅವಳನ್ನೂ ನೋಡಿ, ಒಂದೇ ಮಾತು ಕೇಳಿದರು.

“ಗಂಡ ಸತ್ತರೆ ಸೆರಗೂ ಹರಿಯಿತೇ?”

ಆಗ ನನಗೆ ಆ ಹಳೆಯ ಕಥೆಯ ಮುಂದಿನ ಭಾಗ ನೆನಪಾಯಿತು. ಆ ಮೋವಾಬಿನ ಸೊಸೆ ಬೆತ್ಲೆಹೇಮಿನ ಹೊಲದಲ್ಲಿ ಕೊಯ್ಲಿನಲ್ಲಿ ಉಳಿದ ಹಕ್ಕಲು ತೆನೆ ಆಯುತ್ತಾಳೆ. ಹೊಲದ ಯಜಮಾನ ಅವಳನ್ನು ಅತ್ತೆಯ ಹತ್ತಿರ ಬರಿಗೈಯಲ್ಲಿ ಕಳಿಸಬಾರದೆಂದು ಅವಳ ಮೇಲುಹೊದಿಕೆಗೆ ಆರು ಅಳತೆ ಜವೆಗೋಧಿ ಸುರಿಯುತ್ತಾನೆ. ಉಡಿಯೇ ಅದು! ವಿಧವೆಯ ಉಡಿ. ಅದೇ ಸತ್ಯವೇದದಲ್ಲಿದೆ, ಅದೇ ಜವೆಗೋಧಿ, ಅವಳು ಹುಟ್ಟಿದ ನೆಲ ಇದೇ. ಮೂವತ್ತು ವರ್ಷ ಕಥೆ ಹೇಳಿದ ನನಗೆ ಅದು ಕಂಡಿರಲಿಲ್ಲ. ಇನ್ನೊಂದೂ ಕಂಡಿತು. ಆ ಸೊಸೆಯನ್ನು ಮತ್ತೆ ಮದುವೆಯಾಗು, ನಿನಗೊಂದು ನೆಲೆ ನೋಡುತ್ತೇನೆ ಎಂದು ಹೊಲದ ಯಜಮಾನನ ಕಡೆ ಕಳಿಸಿದವಳು ಆ ಅತ್ತೆಯೇ. ನಾನು ಕಾಗದ ಬಚ್ಚಿಟ್ಟ ಅತ್ತೆ.

ಎದ್ದು ಹೋಗಿ ಮೊರವನ್ನು ಕೈಗೆ ತೆಗೆದುಕೊಂಡೆ.

“ಸುವರ್ಣಾ, ಸೆರಗ ಹಿಡಿ.”

“ಅತ್ತಿ, ಎಲ್ಲಾರೂ ನೋಡಾಕತ್ತಾರ್ರಿ.”

“ನೋಡ್ಲಿ. ಹಿಡಿ.”

ಅವಳು ಸೆರಗು ಒಡ್ಡಿದಳು. ಉಡಿಗೆ ಐದು ಬೊಗಸೆ ನಮ್ಮ ಪದ್ಧತಿ. ಐದು ಹಾಕಿದೆ. ಕಥೆಯ ಆರನೆಯದನ್ನೂ ಹಾಕಿದೆ. ತುಂಬಿದವಳೂ ವಿಧವೆ, ತುಂಬಿಸಿಕೊಂಡವಳೂ ವಿಧವೆ. ಬೈಲಹೊಂಗಲದಲ್ಲಾಗಿದ್ದರೆ ಓಣಿಯೇ ಸೇರುತ್ತಿತ್ತು. ಕುಪ್ಪಸದ ಖಣ ಇಡುವ ಜಾಗದಲ್ಲಿ, ಸತ್ಯವೇದದ ಹೊದಿಕೆಯಿಂದ ಆ ಕಾಗದ ತೆಗೆದು ಕಾಳಿನ ಮೇಲೆ ಇಟ್ಟೆ. ಅವಳ ಕಿವಿಯ ಹತ್ತಿರ ಬಾಗಿ, “ಇದು ನಿನ್ನ ಸಲುವಾಗಿ ಬಂದದ್ದವಾ. ನಾಕ ತಿಂಗಳಾತು. ನಾ ಮುಚ್ಚಿಟ್ಟಿದ್ದೆ” ಎಂದೆ.

ದೊಡ್ಡಮ್ಮ ಸುವರ್ಣಾಳ ಹಣೆಗೆ ಮುತ್ತಿಟ್ಟರು.

ಬೆತ್ಲೆಹೇಮ್

ಮರುದಿನ ಯೊರ್ದನ್ ಹೊಳೆ ದಾಟಿದೆವು. ಎಷ್ಟೊಂದು ಹಾಡುಗಳಲ್ಲಿ ಹರಿದ ಈ ಹೊಳೆ, ಬೇಸಿಗೆಯಲ್ಲಿ ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಕೆಳಗಿನ ಮಲಪ್ರಭೆಗಿಂತ ಅಗಲವಿರಲಿಲ್ಲ. ದೇವರು ದೊಡ್ಡ ಕೆಲಸಕ್ಕೆ ಇಂಥ ಸಣ್ಣ ನೀರನ್ನು ಆರಿಸಿಕೊಂಡನಲ್ಲ ಎಂದು ಅದೂ ಒಂದು ಬೆರಗೇ. ಮೊದಲು ಹೇಳಿದ ಬಾಟಲಿ ತುಂಬಿಸಿದ್ದು ಇಲ್ಲಿಯೇ.

ಸುವರ್ಣಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನ್ನ ಚೀಲ ಹಿಡಿದಳು, ಮೆಟ್ಟಿಲು ಇಳಿಯುವಾಗ ಕೈ ಕೊಟ್ಟಳು, ಗುಳಿಗೆ ನೆನಪಿಸಲು ಬೆರಳು ತೋರಿಸಿದಳು. ಮಾತಿಲ್ಲ. ಜವೆಗೋಧಿಯನ್ನು ಒಂದು ಪಂಚೆಯಲ್ಲಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದಳು. ಪರದೆ ಕಂಡರೂ ಬೆರಳು ಹಚ್ಚಲಿಲ್ಲ. ಅದು ನನಗೆ ಹೆಚ್ಚು ಭಯ ತಂದಿತು.

ಬೆತ್ಲೆಹೇಮಿನಲ್ಲಿ ಕರ್ತನು ಹುಟ್ಟಿದ ಜಾಗದ ಮೇಲೆ ಕಟ್ಟಿದ ಹಳೆಯ ಗುಡಿಗೆ ಒಂದು ಪುಟ್ಟ ಬಾಗಿಲಿದೆ. ಯಾರೇ ಬರಲಿ ಬೆನ್ನು ಬಗ್ಗಿಸಿಯೇ ಒಳಗೆ ಹೋಗಬೇಕು. ನನ್ನ ಸೊಂಟ ಬಗ್ಗುವುದು ಅಷ್ಟರಲ್ಲೇ ಇತ್ತು, ಹಣೆ ಕಲ್ಲಿಗೆ ತಾಗಿತು. ಒಳಗಿನ ಗವಿಗೆ ಇಳಿದೆವು. ದೀಪಗಳ ಎಣ್ಣೆಯ ವಾಸನೆ, ಸಾವಿರಾರು ಕೈ ಮುಟ್ಟಿ ನುಣ್ಣಗಾದ ಕಲ್ಲು. ಜಗತ್ತಿಗೆ ಕೊಟ್ಟ ಮಾತು ಇಷ್ಟು ಸಣ್ಣ ಜಾಗದಲ್ಲಿ ಮೈ ಪಡೆಯಿತು ಎಂದುಕೊಂಡು ಮೊಣಕಾಲೂರಿದೆ. ಆ ಮೋವಾಬಿನ ಸೊಸೆಯ ವಂಶದಲ್ಲಿಯೇ ಆತ ಹುಟ್ಟಿದ್ದು. ಅತ್ತೆ ಅವಳನ್ನು ಕಟ್ಟಿ ಹಾಕಿದ್ದರೆ ಈ ಗವಿಯಲ್ಲಿ ದೀಪವೇ ಇರುತ್ತಿರಲಿಲ್ಲವೇನೋ. ಅಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಸಂಜೆ ನಮ್ಮ ವಸತಿಯ ಮಾಳಿಗೆಗೆ ಹೋದೆ. ಸುವರ್ಣಾ ಅಲ್ಲಿದ್ದಳು. ಪೂರ್ವಕ್ಕೆ, ಲವಣಸಮುದ್ರದ ಆಚೆ, ಮೋವಾಬಿನ ಬೆಟ್ಟಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ನಾವು ಬಂದ ದಾರಿ. ಅವಳು ತಿರುಗದೆಯೇ ಮಾತಾಡಿದಳು.

“ನಾಕ ತಿಂಗಳು, ಅತ್ತಿ. ಒಂದ ಸಲಾನೂ ನನ್ನ ಕೇಳಬೇಕು ಅನಿಸಲಿಲ್ಲಾ?”

“ಅನಿಸ್ತಿತ್ತವಾ. ದಿನಾ ಅನಿಸ್ತಿತ್ತು. ನೀ ಹೂಂ ಅಂದಿ ಅಂದ್ರ ಏನ್ ಮಾಡ್ಲಿ ಅಂತ ಅಂಜಿದ್ದೆ.”

“ಅವತ್ತ ಅಪ್ಪಾ ಕರಿಯಾಕ ಬಂದಾಗ ನಾ ಮಾತ ಕೊಟ್ಟೆ. ನೀವು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರಿ. ಒಂದ ಮಾತ ಅನ್ನಲಿಲ್ಲ. ನನ್ನ ಮಾತ ನಿಮಗ ಬೇಕಾಗಿತ್ತೋ ಬ್ಯಾಡಾಗಿತ್ತೋ, ಇವತ್ತಿನ ತನಕಾ ನನಗ ಗೊತ್ತಿಲ್ರಿ.”

ಅವಳು ಹೇಳಿದ್ದು ನಿಜ. ಆ ದಿನ ನಾನು ಅವಳ ಮಾತನ್ನು ತೆಗೆದುಕೊಂಡೆ, ನನ್ನದನ್ನು ಕೊಡಲಿಲ್ಲ. ಅವಳೊಬ್ಬಳೇ ಆ ಹೋಳುಗಳ ನಡುವೆ ನಡೆದಿದ್ದಳು, ನಾನು ಮಲಗಿದ್ದೆ. ನಾಲ್ಕು ವರ್ಷ ಅವಳ ಮಾತನ್ನು ಕಾಯುತ್ತ ಕುಳಿತವಳಿಗೆ ನನ್ನ ಪಾಲಿನದು ಬಾಕಿ ಇದೆ ಎಂದು ತೋಚಿರಲಿಲ್ಲ.

ಅವಳ ಎರಡೂ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿ ಗಟ್ಟಿಯಾದ ಬೆರಳುಗಳು.

“ಈಗ ಕೊಡತೇನಿ, ಕೇಳು. ಬೈಲಹೊಂಗಲದ ಮನಿ ಇವತ್ತಿಂದ ನಿನ್ನ ತವರಮನಿ. ನೀ ಹೂಲಿಗೆ ಹೋದರೂ ಅಷ್ಟ, ಹೋಗದಿದ್ದರೂ ಅಷ್ಟ. ನಾಳೆ ನೀ ನನ್ನ ಮರೆತರೂ ಅಷ್ಟ. ಬಾಗಲಾ ತಗದ ಇರತೈತಿ.”

ಬೆಟ್ಟಗಳ ಬಣ್ಣ ಕಪ್ಪಾಗುತ್ತ ಬಂದಾಗ ಅವಳು, “ಗಾಳಿ ಭಾಳ ಐತ್ರಿ, ಶಾಲು ಹೊತ್ತಗೊಳ್ರಿ. ವಿಚಾರ ಮಾಡಿ ಹೇಳತೇನಿ” ಎಂದಳು. ನಾನು ಮತ್ತೆ ಕೇಳಲಿಲ್ಲ.

ಮುಂಬಯಿ

ಉಳಿದ ದಿನಗಳಲ್ಲಿ ಯೆರೂಸಲೇಮ್, ಗಲಿಲಾಯ ಎಲ್ಲ ನೋಡಿದೆವು. ಅದನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನನ್ನ ಕಣ್ಣು ಆ ಪಂಚೆಯ ಗಂಟಿನ ಮೇಲೆಯೇ ಇತ್ತು.

ಮುಂಬಯಿಯಲ್ಲಿ ಇಳಿದಾಗ ತಪಾಸಣೆಯ ಮೇಜಿನಲ್ಲಿ ಹಣೆಗೆ ಅಗಲ ಕುಂಕುಮದ ಮರಾಠಿ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಮುಖದಲ್ಲಿ ನಗುವಿಲ್ಲ. ನನ್ನ ಸೋರಿದ ಬಾಟಲಿಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು. ಸುವರ್ಣಾಳ ಗಂಟು ಬಿಚ್ಚಿಸಿದಳು. ಹೊರದೇಶದ ಕಾಳು ತರುವಂತಿಲ್ಲ, ಏನಿದು ಎಂದು ಮರಾಠಿಯಲ್ಲಿ ಗದರಿದಳು.

ರಾಮದುರ್ಗದ ಪೇಟೆಯಲ್ಲಿ ಬೆಳೆದ ಸುವರ್ಣಾಳಿಗೆ ಮರಾಠಿ ಬರುತ್ತದೆ. “ಓಟಿ” ಎಂದಳು. ಮರಾಠಿಯಲ್ಲಿ ಉಡಿಗೆ ಓಟಿ ಎನ್ನುತ್ತಾರೆ.

ಆ ಹೆಣ್ಣುಮಗಳ ಕೈ ನಿಂತಿತು. ಸುವರ್ಣಾಳ ಬರಿ ಹಣೆ, ಬರಿ ಕೊರಳು ನೋಡಿದಳು. ಕಾಳನ್ನು ನೋಡಿದಳು. ದನಿ ಇಳಿಸಿ, “ಕುಣೀ ಭರಲೀ?” ಎಂದಳು. ಯಾರು ತುಂಬಿದರು ಎಂದು.

ಒಂಬತ್ತು ವರ್ಷ ನನ್ನನ್ನು ಅತ್ತಿ ಎಂದೇ ಕರೆದವಳು ಪಕ್ಕಕ್ಕೆ ತಿರುಗಿ ನನ್ನ ಮುಖ ನೋಡಿದಳು. ಬೆತ್ಲೆಹೇಮಿನ ಮಾಳಿಗೆಯಿಂದ ನಾನು ಕಾಯುತ್ತಿದ್ದ ಉತ್ತರ ಮುಂಬಯಿಯ ವಿಮಾನ ನಿಲ್ದಾಣದಲ್ಲಿ, ಮರಾಠಿಯಲ್ಲಿ ಬಂತು.

“ಮಾಝ್ಯಾ ಆಯೀನಂ” ಎಂದಳು. ನಮ್ಮವ್ವ ತುಂಬಿದಳು ಎಂದು.

ತವರು ಸಿಕ್ಕವಳು ಗಂಡನ ಮನೆಗೆ ಹೊರಟಳೆಂದೇ ಅರ್ಥ. ನಾನು ಮೇಜಿನ ಅಂಚು ಹಿಡಿದುಕೊಂಡೆ. ಕಾನೂನು ಕಾನೂನೇ. ಆ ಹೆಣ್ಣುಮಗಳು ಕಾಳನ್ನೆಲ್ಲ ತನ್ನ ಕಡೆಯ ಡಬ್ಬಿಗೆ ಸುರಿದುಕೊಂಡಳು. ಆದರೆ ಸುರಿಯುವ ಮುಂಚೆ ಐದು ಕಾಳು ಹೆಕ್ಕಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸುವರ್ಣಾಳ ಸೆರಗಿನ ತುದಿಗೆ ಹಾಕಿ ತಾನೇ ಗಂಟು ಕಟ್ಟಿದಳು.

ಬೆಳಗಾವಿಯ ಬಸ್ಸಿನಲ್ಲಿ ಹೂಲಿಯ ಮಾಸ್ತರರಿಗೆ ಉತ್ತರ ಬರೆಯಲು ಕುಳಿತೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದವು. ಮಗಳ ತಾಯಿ ಎಂದು ಸಹಿ ಮಾಡಿ ಅವಳ ಕೈಗೆ ಕೊಟ್ಟೆ. ಅವಳು ಓದಿ, ಪೆನ್ನು ಇಸಿದುಕೊಂಡು, ನಾನು ಬಿಟ್ಟಿದ್ದ ಒಂದು ಮಹಾಪ್ರಾಣ ತಿದ್ದಿ ಕೊಟ್ಟಳು.